ಜೊನಾಕಿ ಫೋನಿನ ಬೀಗ

ಕಿರಿಯ ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಮನೋವಾರಾ ಮೊದಲೆಲ್ಲ "ಕಂಪ್ಯೂಟರ್ ಕೆಲಸ" ಎಂದು ಮಾತು ಮುಗಿಸುತ್ತಿದ್ದಳು. ಈಚೆಗೆ ತನಗೇ ಸ್ವಲ್ಪ ಅರ್ಥವಾಗತೊಡಗಿದ ಮೇಲೆ ನಿಜ ಹೇಳುತ್ತಿದ್ದಳು: "ಕಂಡೋರ ಬೀಗ ಮುರಿದು, ಮುರಿದೆ ಅಂತ ಅವರಿಗೇ ಕಾಗದ ಬರೀತಾಳೆ. ಕೆಲವರು ದುಡ್ಡು ಕೊಡ್ತಾರೆ, ಕೆಲವರು ಬೈತಾರೆ." ಮೀರ್‌ಪುರದ ಆ ಗಲ್ಲಿಯ ಹೆಂಗಸರು ನಗುತ್ತಿದ್ದರು. ಆದರೆ ಅವಳ ಅಡುಗೆಮನೆಯ ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಫ್ರಿಜ್ಜು ಹಾಲೆಂಡಿನ ಯಾವುದೋ ಕಂಪನಿ ಹಾಗೆ ಕಳಿಸಿದ ದುಡ್ಡಿನಲ್ಲೇ ಬಂದದ್ದು. ಹಾಗಾಗಿ ಆ ಕೆಲಸದ ಬಗ್ಗೆ ಯಾರೂ ಹೆಚ್ಚು ಹಗುರವಾಗಿ ಮಾತಾಡುತ್ತಿರಲಿಲ್ಲ.

ರಂಜಾನಿನ ಎರಡನೆಯ ದಿನ ಮಧ್ಯಾಹ್ನ ಮನೋವಾರಾ ಇಫ್ತಾರಿಗೆಂದು ಮಸೂರು ಬೇಳೆ ರುಬ್ಬುತ್ತಿದ್ದಳು. ಕೊಳವೆಯ ಗ್ಯಾಸು ಎಂದಿನಂತೆ ಬೇಕಾದ ಹೊತ್ತಿಗೇ ಕೈಕೊಟ್ಟು, ಒಲೆಯಲ್ಲಿ ಇರುವೆ ಸಾಲಿನಷ್ಟು ನೀಲಿ ಉರಿ ಉಳಿದಿತ್ತು. ಹಿರಿಯ ಮಗಳು ಶಿರೀನ್ ಈಳಿಗೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ಅವಳ ಎಡ ಮಣಿಕಟ್ಟು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ; ಕಾಯಿ ಆಗಾಗ ಜಾರಿ ತಟ್ಟೆಗೆ ಬೀಳುತ್ತಿತ್ತು. ಕಿರಿಯವಳು ಜಿನಿಯಾ ಬಂದು ಬಾಗಿಲಿಗೆ ಒರಗಿ ನಿಂತಳು.

"ಇನ್ನು ಹನ್ನೆರಡು ದಿನ."

"ಏನು ಹನ್ನೆರಡು ದಿನ? ಈದ್‌ಗೆ ಇನ್ನೂ ಇಪ್ಪತ್ತೆಂಟು ದಿನ ಇದೆ."

"ಈದ್ ಅಲ್ಲಮ್ಮಾ. ಜೊನಾಕಿ ಕಂಪನಿಗೆ ಬರೆದಿದ್ನಲ್ಲ. ತೊಂಬತ್ತು ದಿನ ತುಂಬತ್ತೆ."

ಶಿರೀನಳ ಕೈ ಈಳಿಗೆಯ ಮೇಲೆ ನಿಂತಿತು.

ಜೊನಾಕಿ ಎನ್ನುವುದು ಅಗ್ಗದ ಫೋನು. ಗಲ್ಲಿಯ ಮೂಲೆಯಲ್ಲಿ ಮನೋವಾರಾಳ ಗಂಡ ಮೊಫಜ್ಜಲ್ ಮಿಯಾನ ಅಂಗಡಿಯಲ್ಲಿ ಹೆಚ್ಚು ಮಾರಾಟವಾಗಿದ್ದುದೇ ಅದು. ಕೊಂಡವರೆಲ್ಲ ಹೆಚ್ಚಾಗಿ ಗಾರ್ಮೆಂಟ್ಸ್ ಹುಡುಗಿಯರು. ಫೋನು ಕೊಟ್ಟ ಮೇಲೆ ಮೊಫಜ್ಜಲ್ ಮಿಯಾ ಪ್ರತಿಯೊಬ್ಬಳಿಗೂ ಒಂದೇ ಮಾತು ಹೇಳುತ್ತಿದ್ದ: "ಆರು ಅಂಕಿ ಒತ್ತಮ್ಮಾ, ನಾನು ನೋಡಲ್ಲ. ಗಂಡನಿಗೂ ಹೇಳಬೇಡ." ಹಾಗೆಂದು ಬೆನ್ನು ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಲ್ಲುತ್ತಿದ್ದ. ಹುಡುಗಿಯರು ಕಿಸಕ್ಕೆಂದು ನಕ್ಕು ಅಂಕಿ ಒತ್ತುತ್ತಿದ್ದರು. ಬೇರೆ ಅಂಗಡಿಯವರು ಅಂಕಿಯ ಮೇಲೇ ಕಣ್ಣಿಟ್ಟು ನೋಡುತ್ತಾರೆ, ಮೊಫಜ್ಜಲ್ ಭಾಯಿ ಬೆನ್ನು ತಿರುಗಿಸುತ್ತಾನೆ ಎಂಬ ಮಾತು ಕಾರ್ಖಾನೆಯಿಂದ ಕಾರ್ಖಾನೆಗೆ ಹಬ್ಬಿ, ಮುನ್ನೂರಕ್ಕೂ ಹೆಚ್ಚು ಫೋನು ಆ ಬೆನ್ನಿನ ಮೇಲೇ ಖರ್ಚಾಗಿದ್ದವು.

ಆ ಬೀಗ ಸುಳ್ಳು ಎಂದು ಜಿನಿಯಾ ಮೂರು ತಿಂಗಳ ಹಿಂದೆ ಕಂಡುಹಿಡಿದಿದ್ದಳು. ಉಪಾಯ ಗೊತ್ತಿದ್ದವರು ಒಂದು ಲೋಟ ಚಹಾ ಆರುವಷ್ಟರಲ್ಲಿ, ಅಂಕಿ ಗೊತ್ತಿಲ್ಲದೆಯೇ, ಒಳಗೆ ಹೋಗಬಹುದಿತ್ತು. ಅವಳ ಕಸುಬಿನವರಲ್ಲಿ ಒಂದು ಕಟ್ಟಳೆಯಿದೆ. ತಪ್ಪು ಕಂಡವರು ಮೊದಲು ಕಂಪನಿಗೆ ಗುಟ್ಟಾಗಿ ತಿಳಿಸಬೇಕು, ಸರಿಪಡಿಸಲು ತೊಂಬತ್ತು ದಿನ ಕೊಡಬೇಕು. ಅಷ್ಟರಲ್ಲಿ ಸರಿಮಾಡದಿದ್ದರೆ ಲೋಕಕ್ಕೆಲ್ಲ ಬಿಚ್ಚಿ ಹೇಳಬೇಕು.

"ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರ್ತಾಳೆ," ಎಂದಳು ಮನೋವಾರಾ, ರುಬ್ಬಿದ ಬೇಳೆಗೆ ಹಸಿಮೆಣಸು ಬೆರೆಸುತ್ತ. "ನಿನ್ನ ಕಂಪನಿಗೆ ಮೂರೇ ತಿಂಗಳಾ? ಇನ್ನೊಂದಷ್ಟು ದಿನ ಕೂರಲಿ ಬಿಡು."

"ಅಮ್ಮಾ, ತಮಾಷೆ ಅಲ್ಲ."

"ನಾನೂ ತಮಾಷೆ ಮಾಡ್ತಿಲ್ಲ."

ಶಿರೀನ್ ತಲೆಯೆತ್ತದೆ ಕೇಳಿದಳು: "ನನ್ನ ಫೋನು?"

ಜಿನಿಯಾ ತಟ್ಟೆಗೆ ಜಾರಿದ್ದ ಬದನೆಕಾಯಿಯನ್ನು ಎತ್ತಿ ಅಕ್ಕನ ಕೈಗಿಟ್ಟಳು.

ಶಿರೀನಳ ಫೋನೂ ಜೊನಾಕಿಯೇ, ಅಪ್ಪನೇ ಕೊಟ್ಟದ್ದು. ಎರಡು ತಿಂಗಳ ಹಿಂದೆ ಅವಳು ಟೊಂಗಿಯ ಗಂಡನ ಮನೆಯಿಂದ ಆರು ವರ್ಷದ ಮಗಳು ತೂಬಾಳನ್ನು ಎತ್ತಿಕೊಂಡು, ಉಟ್ಟ ಬಟ್ಟೆಯಲ್ಲಿ ಓಡಿಬಂದಾಗ ಅದು ಗಂಡ ತೋಫಾಯೆಲ್‌ನ ಬೀರುವಿನಲ್ಲಿತ್ತು. ಅದರಲ್ಲಿ ಅವನ ದನಿಯ ಹದಿನಾಲ್ಕು ಮುದ್ರಣಗಳಿದ್ದವು. ಅವನು ಬೈದದ್ದು, ಹೊಡೆದದ್ದು, ಮಗುವನ್ನು ಕಿತ್ತುಕೊಂಡು ನಿನ್ನನ್ನು ನಾಲೆಗೆ ಎಸೆಯುತ್ತೇನೆ ಎಂದದ್ದು. ಬೇರೆಲ್ಲೂ ನಕಲು ಇರಲಿಲ್ಲ. ಏನೋ ಇದೆ ಎಂದು ಅವನಿಗೆ ಗುಮಾನಿ ಬಂದು ಅಂಕಿ ಹೇಳು ಎಂದು ಮಣಿಕಟ್ಟು ತಿರುಚಿದ್ದ. ಮೂಳೆ ಲಟಕ್ಕೆಂದಿತ್ತು. ಅವಳು ಹೇಳಿರಲಿಲ್ಲ. ತೌರಿಗೆ ಬಂದ ದಿನ ಅವಳು ಮೊದಲು ಆಡಿದ ಮಾತು ಅದೇ: "ಹೇಳ್ಲಿಲ್ಲ ಅಮ್ಮಾ. ಒಂದು ಅಂಕೀನೂ ಹೇಳ್ಲಿಲ್ಲ." ಹೆಂಗಸರಿಗೆ ಪುಕ್ಕಟೆ ಕಾನೂನು ಸಹಾಯ ಮಾಡುವ ಕಚೇರಿಯ ವಕೀಲೆ, "ಆ ಫೋನು ತಂದುಕೊಡಿ, ಮಗು ನಿಮ್ಮ ಹತ್ರಾನೇ ಇರೋ ಹಾಗೆ ನಾನು ನೋಡ್ಕೋತೀನಿ" ಎಂದಿದ್ದಳು. ಟೊಂಗಿಯ ಮೊಹಲ್ಲಾದ ಹಿರಿಯರು ಈದ್ ಮುಗಿದು ಒಂದು ವಾರಕ್ಕೆ ಕೂತು, ಅವಳ ಸಾಮಾನೆಲ್ಲ ವಾಪಸ್ ಕೊಡಿಸುವುದೆಂದು ಮಾತಾಗಿತ್ತು.

"ಇಲ್ಲಿಂದಲೇ ಏನಾದ್ರೂ ಮಾಡೋಕಾಗಲ್ವಾ?" ಎಂದಳು ಮನೋವಾರಾ.

"ಫೋನ್ ಆಫ್ ಆಗಿದೆಯಮ್ಮಾ. ಬೀರುವಿನಲ್ಲಿ ಸತ್ತು ಬಿದ್ದಿದೆ. ನನ್ನ ಕೈ ಅಲ್ಲಿವರೆಗೂ ಹೋಗಲ್ಲ."

"ನಿನ್ನೆ ಕೂಡ ಅವನು ಅಬ್ಬುಗೆ ಫೋನ್ ಮಾಡಿದ್ದ," ಎಂದಳು ಶಿರೀನ್. "ನಂಬರ್ ಹೇಳಿಸಿ, ಈದ್ ಬಟ್ಟೆ ಕಳಿಸ್ತೀನಿ ಅಂದನಂತೆ. ಅಂದ್ರೆ ಇನ್ನೂ ತೆಗೆಯೋಕೆ ಬಂದಿಲ್ಲ ಅವನಿಗೆ."

"ಅಂದ್ರೆ ನೀನು ಬಾಯಿ ಮುಚ್ಕೊಂಡಿರಬೇಕು," ಎಂದು ಮನೋವಾರಾ ಕಿರಿಯವಳ ಕಡೆ ತಿರುಗಿ ಹೇಳಿ, ಮೊದಲ ವಡೆಯನ್ನು ಎಣ್ಣೆಗೆ ಬಿಟ್ಟಳು. ಉರಿ ಸಾಲದೆ ಅದು ತಳಕ್ಕೆ ಹೋಗಿ ಅಲ್ಲೇ ಕೂತಿತು.

ರಂಜಾನಿನ ಐದನೆಯ ದಿನ ಪಾರುಲ್ ಬಂದಳು. ಹಿಂದಿನ ತಗಡಿನ ಸಾಲುಮನೆಗಳಲ್ಲಿ ಗಂಡ ಆಲಾಲ್ ಜೊತೆಗಿದ್ದ ಹುಡುಗಿ. ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ಮನೋವಾರಾಗೆ ಆಗಾಗ ತಂದುಕೊಡುತ್ತಿದ್ದಳು. ಮನೋವಾರಾ ಅವುಗಳಿಂದ ಕೌದಿ ಹೊಲಿಯುತ್ತಿದ್ದಳು. ಈ ಸಲ ಕೈ ಖಾಲಿಯಿತ್ತು, ತುಟಿ ಒಡೆದಿತ್ತು.

"ಏನಾಯ್ತೇ?"

"ಬಿದ್ದೆ ಖಾಲಾ."

"ಬಾಯಿ ಮೇಲೆ ಬಿದ್ದೆಯಾ?"

ಆಮೇಲೆ ಒಂದೊಂದಾಗಿ ಹೊರಬಂತು. ಫೋನಿಗೆ ಚಾರ್ಜ್ ಏರುತ್ತಿರಲಿಲ್ಲ. ಕಾರ್ಖಾನೆಯ ಗೇಟಿನ ಹತ್ತಿರದ ರಿಪೇರಿ ಅಂಗಡಿಗೆ ಕೊಟ್ಟು ಪಾಳಿಗೆ ಹೋಗಿದ್ದಳು. ಅವನು ಅಂಕಿ ಕೇಳಿದ್ದ, ಅವಳು ಕೊಟ್ಟಿರಲಿಲ್ಲ. ವಾರದ ಮೇಲೆ ಅವಳ ಫೋಟೋಗಳು ಕಾರ್ಖಾನೆಯ ಮೇಲ್ವಿಚಾರಕ ಲೈನ್ ಚೀಫ್‌ನ ಫೋನಿನಲ್ಲಿದ್ದವು. ಅಂಥದ್ದೇನಲ್ಲ, ಸ್ನಾನ ಮಾಡಿ, ಕೂದಲು ಬಿಟ್ಟುಕೊಂಡು, ಗಂಡನಿಗೆಂದೇ ತೆಗೆದು ಇಟ್ಟುಕೊಂಡಿದ್ದವು. ಲೈನ್ ಚೀಫ್ ಅವನ್ನು ಎಲ್ಲರಿಗೂ ತೋರಿಸಿ, ಕೊನೆಗೆ ಅವಳಿಗೇ ತೋರಿಸಿ, "ಸಂಜೆ ಗೋಡೌನಿಗೆ ಬಾ" ಎಂದಿದ್ದ. ಹೋಗದಿದ್ದುದಕ್ಕೆ ಕೆಲಸ ಹೋಯಿತು. ಫೋಟೋ ಆಲಾಲ್‌ಗೂ ತಲುಪಿತು.

"ನಮ್ಮನೆಯವರು ಹೇಳ್ತಾರೆ, ನೀನು ನಂಬರ್ ಹೇಳದೆ ರಿಪೇರಿಯವನು ಹೆಂಗೆ ತೆಗೆದ ಅಂತ. ಹೇಳಿದೀಯ ಅಂದ್ರೆ ಅವನ ಜೊತೆ ನಿಂಗೇನೋ ಇದೆ ಅಂತ." ಪಾರುಲ್ ಸೆರಗಿನಿಂದ ತುಟಿ ಒತ್ತಿಕೊಂಡಳು. "ಜಿನಿಯಾ ಆಪಾಗೆ ಇದೆಲ್ಲ ಗೊತ್ತಲ್ವಾ ಖಾಲಾ? ನಂಬರ್ ಹೇಳದೆ ತೆಗೆಯೋಕಾಗತ್ತಾ? ಒಂದು ಮಾತು ಹೇಳಿದ್ರೆ ಸಾಕು. ಅವರು ನಿಮ್ಮ ಮಾತು ನಂಬ್ತಾರೆ."

ಜಿನಿಯಾ ಮನೆಯಲ್ಲಿರಲಿಲ್ಲ. ಒಳಗಿನ ಕೋಣೆಯಲ್ಲಿ ಶಿರೀನ್ ಮಗಳಿಗೆ ಅಕ್ಷರ ಹೇಳಿಕೊಡುತ್ತಿದ್ದ ದನಿ ಥಟ್ಟನೆ ನಿಂತಿತು. ಆಲಾಲ್ ಬ್ಯಾಟರಿ ರಿಕ್ಷಾ ಓಡಿಸುವವನು. ಬೆಳಗ್ಗೆ ಅವನ ಕಿವಿಗೆ ಬಿದ್ದದ್ದು ಸಂಜೆಗೆ ಇಡೀ ಮೀರ್‌ಪುರ ಸುತ್ತಿ ಬರುತ್ತದೆ. ಅಲ್ಲಿಂದ ಟೊಂಗಿ ಎಷ್ಟು ದೂರ?

"ನನಗೇನು ಗೊತ್ತಮ್ಮಾ," ಎಂದಳು ಮನೋವಾರಾ. "ಅಡುಗೆಮನೆ ಹೆಂಗಸು ನಾನು."

ಪಾರುಲ್ ತಲೆಯಾಡಿಸಿದಳು. ಹೋಗುವಾಗ, ಉಪವಾಸ ಹಿಡಿದವಳು ಬರಿಗೈಯಲ್ಲಿ ಹೋಗಬಾರದೆಂದು ಮನೋವಾರಾ ಕಾಗದದಲ್ಲಿ ಆರು ವಡೆ ಕಟ್ಟಿಕೊಟ್ಟಳು. ಪಾರುಲ್ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.

ಸಂಜೆ ನೆಲದ ಮೇಲೆ ಚಾಪೆ ಹಾಸಿ, ನಡುವೆ ದೊಡ್ಡ ಪರಾತದಲ್ಲಿ ಮಂಡಕ್ಕಿ, ಕಡಲೆ, ಬದನೆ ಬಜ್ಜಿ ಎಲ್ಲ ಕಲೆಸಿ, ಬಾಂಗಿಗಾಗಿ ಎಲ್ಲರೂ ಕಾಯುತ್ತಿದ್ದರು. ತೂಬಾ ಖರ್ಜೂರವನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದಳು. ಜಿನಿಯಾ ಗಲ್ಲಿಯಲ್ಲಿ ಪಾರುಲ್‌ಳನ್ನು ಕಂಡು ಬಂದಿದ್ದಳು.

"ಅವಳು ಕೇಳಿದ್ಲಂತೆ. ನೀನು ಗೊತ್ತಿಲ್ಲ ಅಂದ್ಯಂತೆ."

"ಬಾಂಗ್ ಆಗ್ಲಿ. ಮೊದಲು ನೀರು ಕುಡಿ."

"ಅಮ್ಮಾ!"

"ಏನು ಹೇಳಬೇಕಿತ್ತು ನಾನು? ಹೌದು, ಆ ಬೀಗ ಯಾರು ಬೇಕಾದ್ರೂ ತೆಗೀಬಹುದು, ಟೊಂಗೀಲಿರೋ ನಮ್ಮ ಅಳಿಯಂದಿರಿಗೂ ಹೇಳಿಬಿಡಿ ಅನ್ನಬೇಕಿತ್ತಾ?"

"ಗೇಟಿನ ಹತ್ರದವನಿಗೆ ಗೊತ್ತಿದೆ. ಇಂಥ ಹತ್ತು ಅಂಗಡಿಯವರಿಗೆ ಗೊತ್ತಿರತ್ತೆ. ಐನೂರು ಟಾಕಾಗೆ ತೆಗೆದುಕೊಡ್ತಾರೆ. ಗೊತ್ತಿರಬಾರದವರಿಗೆಲ್ಲ ಗೊತ್ತು, ಅಮ್ಮಾ. ಗೊತ್ತಿಲ್ಲದೆ ಇರೋದು ಫೋನು ಇಟ್ಕೊಂಡಿರೋರಿಗೆ ಮಾತ್ರ."

"ಹಾಗಾದ್ರೆ ನೀನು ಹೇಳೋದ್ರಿಂದ ಆಗೋದೇನು?" ಎಂದ ಮೊಫಜ್ಜಲ್ ಮಿಯಾ. ಅವನು ಟೋಪಿ ಸರಿಮಾಡಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಮಾತಾಡುತ್ತಿದ್ದ. "ಬೆಳಗಾದ್ರೆ ಮುನ್ನೂರು ಜನ ಹುಡುಗೀರು ನನ್ನ ಅಂಗಡಿ ಮುಂದೆ. ನೀನೇ ಮಾರಿದ್ದು, ವಾಪಸ್ ತಗೋ ಅಂತಾರೆ. ಎಲ್ಲಿಂದ ಕೊಡ್ಲಿ?"

"ಅಬ್ಬು, ಅವರಿಗೆ ಗೊತ್ತಾದ್ರೆ ಫೋಟೋನಾದ್ರೂ ಅಳಿಸಿಕೋತಾರೆ. ರಿಪೇರಿಗೆ ಬಿಟ್ಟು ಹೋಗಲ್ಲ. ಪಾರುಲ್ ಸುಳ್ಳಿ ಅಲ್ಲ ಅಂತಾದ್ರೂ ಆಗತ್ತೆ."

"ಪಾರುಲ್, ಪಾರುಲ್. ನಿನ್ನ ಸ್ವಂತ ಅಕ್ಕ ಇಲ್ಲಿ ಕೂತಿದಾಳೆ, ಕಾಣಿಸ್ತಿಲ್ವಾ?" ಎಂದಳು ಮನೋವಾರಾ.

"ಬರೀ ಆಲಾಲ್ ಒಬ್ಬನಿಗೆ ತೋರಿಸ್ತೀನಿ. ಬಾಗಿಲು ಹಾಕ್ಕೊಂಡು. ಆಣೆ ಹಾಕಿಸಿಕೊಂಡು."

"ಅವನ ಬಾಯಿಗೆ ಬಾಗಿಲು ಹಾಕ್ತೀಯಾ?"

ಬಾಂಗ್ ಕೇಳಿಸಿತು. ಎಲ್ಲರೂ ಖರ್ಜೂರ ಬಾಯಿಗಿಟ್ಟರು. ಶಿರೀನ್ ನೀರು ಮಾತ್ರ ಕುಡಿದು ಎದ್ದಳು.

"ನಾನು ಬೇಕಾದ್ರೆ ಟೊಂಗಿಗೆ ವಾಪಸ್ ಹೋಗ್ತೀನಿ," ಎಂದಳು. "ಆಗ ಯಾರಿಗೂ ತೊಂದರೆ ಇಲ್ಲ."

"ಕೂತ್ಕೊಳೇ," ಎಂದು ಅಪ್ಪ ಗದರಿದ. ತೂಬಾ ಅಜ್ಜನನ್ನು, ಅಮ್ಮನನ್ನು ನೋಡಿ, ಅಮ್ಮನ ಪಾಲಿನ ಬಜ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಮುಂದಿನ ದಿನಗಳಲ್ಲಿ ಮನೋವಾರಾ ಪಾರುಲ್‌ಗಾಗಿ ಬೇರೆ ಏನೇನೋ ಮಾಡಿದಳು. ಒಂದು ದಿನ ಖಿಚಡಿ ಕಳಿಸಿದಳು. ಇನ್ನೊಂದು ದಿನ ಬ್ಲೌಸ್ ಹೊಲಿಯುವ ಕೆಲಸ ಹುಡುಕಿಕೊಟ್ಟಳು. ಎರಡೇ ದಿನಕ್ಕೆ ಬ್ಲೌಸಿನ ಯಜಮಾನಿಗೂ ಫೋಟೋ ವಿಷಯ ತಿಳಿದು ಅದೂ ನಿಂತಿತು. ಮನೋವಾರಾ ಆಲಾಲ್‌ನನ್ನು ಬೀದಿಯಲ್ಲಿ ನಿಲ್ಲಿಸಿ, "ಒಳ್ಳೆ ಹುಡುಗಿಯಪ್ಪಾ ಅವಳು, ರಂಜಾನ್ ತಿಂಗಳು, ಕೈ ಎತ್ತಬೇಡ" ಎಂದಳು. ಅವನು ಮರ್ಯಾದೆಯಿಂದಲೇ ರಿಕ್ಷಾದಿಂದ ಇಳಿದು ನಿಂತು ಕೇಳಿದ: "ನೀವೇ ಹೇಳಿ ಖಾಲಾ, ಬೀಗ ಹಾಕಿರೋ ಮನೆಯೊಳಗೆ ಯಾರೋ ನುಗ್ಗಿದಾನೆ. ಬಾಗಿಲು ಮುರಿದಿಲ್ಲ. ಕೀಲಿ ಕೊಟ್ಟವರು ಯಾರು?" ಮನೋವಾರಾಗೆ ಉತ್ತರ ಗೊತ್ತಿತ್ತು. ತರಕಾರಿ ಚೀಲವನ್ನು ಕೈಯಿಂದ ಕೈಗೆ ಬದಲಾಯಿಸಿ ಮುಂದೆ ನಡೆದಳು.

ಒಂದು ಒಳ್ಳೆಯದು ಮಾತ್ರ ಆಯಿತು. ಒಂಬತ್ತನೆಯ ದಿನದಿಂದ ತೋಫಾಯೆಲ್‌ನ ಫೋನು ಬರುವುದು ನಿಂತಿತು. ಹತ್ತನೆಯ ದಿನವೂ ಇಲ್ಲ, ಹನ್ನೊಂದನೆಯ ದಿನವೂ ಇಲ್ಲ.

"ಬೇಸತ್ತು ಕೈಬಿಟ್ಟಿರಬೇಕು," ಎಂದ ಮೊಫಜ್ಜಲ್ ಮಿಯಾ.

"ಉಪವಾಸ ಹಿಡಿದು ಬುದ್ಧಿ ಬಂದಿರತ್ತೆ," ಎಂದಳು ಮನೋವಾರಾ. "ಅಲ್ಲಾ ದೊಡ್ಡವನು." ಅಂದು ಅವಳು ಪಾಯಸಕ್ಕೆ ಒಂದು ಹಿಡಿ ಬೆಲ್ಲ ಹೆಚ್ಚೇ ಹಾಕಿದಳು.

ಅದೇ ದಿನ ಕಂಪನಿಯ ಉತ್ತರ ಬಂತು. ಎಂಬತ್ತೇಳು ದಿನಕ್ಕೆ ಮೊದಲ ಉತ್ತರ. ಜಿನಿಯಾ ಅದನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದಳು. ಆ ಮಾದರಿಯ ತಯಾರಿ ನಿಂತು ವರ್ಷವಾಗಿದೆ. ಹಳೆಯ ಫೋನುಗಳಿಗೆ ಯಾವ ದುರಸ್ತಿಯನ್ನೂ ಕಳಿಸುವುದಿಲ್ಲ. ಗ್ರಾಹಕರು ಹೊಸ ಮಾದರಿ ಕೊಳ್ಳಬಹುದು. ಕೊನೆಯಲ್ಲಿ, ವಿಷಯವನ್ನು ಬಹಿರಂಗ ಮಾಡಿದರೆ ಕಾನೂನು ಕ್ರಮ ಜರುಗಿಸಬೇಕಾದೀತು ಎಂದಿತ್ತು.

"ಅಂದ್ರೆ ಸರಿ ಮಾಡಲ್ಲ," ಎಂದಳು ಶಿರೀನ್.

"ಯಾವತ್ತೂ ಮಾಡಲ್ಲ."

"ಹಾಗಾದ್ರೆ ನೀನು ಹೇಳಿದ್ರೂ ಬೀಗ ಹಾಗೇ ಇರತ್ತೆ. ಹೇಳದಿದ್ರೂ ಹಾಗೇ ಇರತ್ತೆ."

"ಹೌದು."

"ಮತ್ತೆ ಪೊಲೀಸರು ಬೇರೆ ಬರಬಹುದು," ಎಂದ ಮೊಫಜ್ಜಲ್ ಮಿಯಾ. "ಕಳ್ಳನ್ನ ಬಿಟ್ಟು ಕಳ್ಳ ಅಂತ ಕೂಗಿದೋಳನ್ನ ಹಿಡಿಯೋ ಕಾಲ ಇದು. ಇಂಟರ್ನೆಟ್‌ನಲ್ಲಿ ಎರಡು ಸಾಲು ಬರೆದೋರು ಎಷ್ಟು ತಿಂಗಳು ಒಳಗಿದ್ರು, ನೋಡ್ಲಿಲ್ವಾ?" ಆಮೇಲೆ ತಟ್ಟೆಯಲ್ಲಿ ಕೈ ತೊಳೆಯುತ್ತ ಮೆಲ್ಲಗೆ ಕೇಳಿದ: "ಯಾವತ್ತೂ ಸರಿ ಆಗಲ್ವಾ? ಒಂದು ಫೋನೂ?"

"ಒಂದೂ ಇಲ್ಲ ಅಬ್ಬು."

"ನಾನು ಬೆನ್ನು ತಿರುಗಿಸಿ ನಿಂತ್ಕೋತಿದ್ದೆ," ಎಂದ ಅವನು. ಮರುದಿನ ಅಂಗಡಿಯ ಗಾಜಿನ ಕಪಾಟಿನಲ್ಲಿ ಉಳಿದಿದ್ದ ನಾಲ್ಕು ಜೊನಾಕಿಗಳನ್ನು ಅವನು ಒಳಗಿನ ಡಬ್ಬಕ್ಕೆ ಹಾಕಿಟ್ಟ. ಒಂದನ್ನು ಬಿಸಾಡಲೂ ಇಲ್ಲ, ಮಾರಲೂ ಇಲ್ಲ.

ಹದಿನಾಲ್ಕನೆಯ ದಿನ ಮಧ್ಯಾಹ್ನ ಜಿನಿಯಾ ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಬರೆದದ್ದೆಲ್ಲ ಸಿದ್ಧವಿತ್ತು, ಒಂದು ಗುಂಡಿ ಒತ್ತಿದರೆ ಆಯಿತು. ಮನೋವಾರಾ ಒಗೆದ ಬಟ್ಟೆ ಒಣಗಿಸಲು ಮಹಡಿಗೆ ಹೋಗುವವಳು ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಳು. ಶಿರೀನ್ ಬಂದು ತಂಗಿಯ ಪಕ್ಕ ಕೂತು, ಮಣಿಕಟ್ಟನ್ನು ಅವಳ ತೊಡೆಯ ಮೇಲಿಟ್ಟಳು.

"ಈದ್ ಮುಗಿಯೋವರೆಗೂ. ಅವರು ನನ್ನ ಸಾಮಾನಿನ ಪೆಟ್ಟಿಗೆ ವಾಪಸ್ ಕೊಡೋವರೆಗೂ. ಜೀವಮಾನದಲ್ಲಿ ನಿನ್ನ ಹತ್ರ ಇನ್ನೇನೂ ಕೇಳಲ್ಲ, ಜಿನು."

"ಆಪಾ, ಅಷ್ಟರಲ್ಲಿ ಇನ್ನೊಬ್ಬ ಪಾರುಲ್..."

"ಗೊತ್ತು."

"ಅವನಿಗೆ ಈಗಾಗಲೇ ಯಾರಾದ್ರೂ ಹೇಳಿದ್ರೆ?"

"ಹೇಳಿದ್ರೆ ಹೇಳಿರ್ತಾರೆ. ನೀನು ಹೇಳಿದ್ದಾಗಿರಬಾರದು."

ಜಿನಿಯಾ ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ತಾಯಿಯ ಕೈಯಿಂದ ಬಕೆಟ್ ಕಿತ್ತುಕೊಂಡು, ತಾನೇ ಮಹಡಿ ಹತ್ತಿದಳು. ಅಂದಿನಿಂದ ಈದ್‌ವರೆಗೆ ಅವಳು ತಾಯಿಯ ಜೊತೆ ಉಪ್ಪು ಕೊಡು, ಬಾಗಿಲು ಹಾಕು ಎಂಬುದರ ಆಚೆಗೆ ಮಾತಾಡಲಿಲ್ಲ. ಪಾರುಲ್ ಎದುರಿಗೆ ಬಂದರೆ ಬೇರೆ ಗಲ್ಲಿಗೆ ತಿರುಗುತ್ತಿದ್ದಳು.

ಈದ್‌ಗೆ ಮೂರು ದಿನವಿರುವಾಗ ಕಾರ್ಖಾನೆಗಳು ಮುಚ್ಚಿ, ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಬಸ್ಸಿನ ಮೇಲೆ ಹತ್ತಿತು. ಪಾರುಲ್ ಮತ್ತು ಆಲಾಲ್ ಕೂಡ ಬಸ್ ನಿಲ್ದಾಣಕ್ಕೆ ಹೋದರು. ಆಲಾಲ್ ಒಬ್ಬನೇ ವಾಪಸ್ ಬಂದ. ಅವಳನ್ನು ಕುಡಿಗ್ರಾಮದ ತೌರಿಗೆ ಕಳಿಸಿಬಿಟ್ಟನೆಂದೂ ಇನ್ನು ಕರೆಸುವುದಿಲ್ಲವೆಂದೂ ಪಕ್ಕದ ಮನೆಯವಳು ಹೇಳಿದಳು. "ನಿಮಗೆ ಕೊಡು ಅಂದಳು" ಎಂದು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ಅದರ ತುಂಬ ಬಟ್ಟೆಯ ಚೂರುಗಳಿದ್ದವು, ಬಣ್ಣ ಬಣ್ಣಕ್ಕೆ ಬೇರೆ ಮಾಡಿ, ದಾರ ಕಟ್ಟಿದ್ದವು. ಮನೋವಾರಾ ಅದನ್ನು ಮಂಚದ ಕೆಳಕ್ಕೆ ತಳ್ಳಿ, ಶಾವಿಗೆ ಹುರಿಯಲು ಹೋದಳು. ಶಾವಿಗೆ ಸೀದುಹೋಯಿತು.

ಈದ್ ಆಗಿ ಎಂಟನೆಯ ದಿನ ಟೊಂಗಿಯಲ್ಲಿ ಹಿರಿಯರು ಕೂತರು. ಮೊಫಜ್ಜಲ್ ಮಿಯಾ, ಮನೋವಾರಾ, ಶಿರೀನ್ ಹೋದರು. ತೋಫಾಯೆಲ್ ಇಸ್ತ್ರಿ ಮಾಡಿದ ಪಂಜಾಬಿ ಜುಬ್ಬಾ ತೊಟ್ಟು, ಎಲ್ಲರಿಗೂ ಸಲಾಂ ಹೇಳಿ, ಅತ್ತೆಗೆ ಕುರ್ಚಿ ಸರಿಮಾಡಿ ಕೊಟ್ಟ. ಬಳೆಯ ವಿಷಯಕ್ಕೆ ಒಂದು ಗಂಟೆ ವಾದಿಸಿದ. ಹೊಲಿಗೆ ಯಂತ್ರಕ್ಕೆ ಅರ್ಧ ಗಂಟೆ. ಫೋನಿನ ಮಾತು ಬಂದಾಗ ಮನೋವಾರಾ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು.

"ಫೋನಾ? ಅದು ಅವಳದ್ದೇ ಅಲ್ವಾ?" ಎಂದ ತೋಫಾಯೆಲ್. "ನಾನ್ಯಾಕೆ ಇಟ್ಕೊಳ್ಳಲಿ? ಪೆಟ್ಟಿಗೇಲಿ ಹಾಕಿದೀನಿ."

ಹಿರಿಯರು ಮೆಚ್ಚಿ ಗಡ್ಡ ನೀವಿಕೊಂಡರು. ಮಗುವಿನ ವಿಷಯ ನ್ಯಾಯಾಲಯ ನೋಡಿಕೊಳ್ಳಲಿ ಎಂದು ಅವನೇ ಹೇಳಿದ. "ನಾನು ಕೋರ್ಟಿಗೆ ಹಾಕ್ತೀನಿ. ಅವಳ ಹತ್ರ ಏನಿದೆಯೋ ತರಲಿ, ನನ್ನ ಹತ್ರ ಏನಿದೆಯೋ ನಾನು ತರ್ತೀನಿ."

ವಾಪಸ್ ಬರುವಾಗ ಸಿಎನ್‌ಜಿ ಆಟೋದಲ್ಲಿ ಮೂವರ ಕಾಲಿನ ಮೇಲೆ ತಗಡಿನ ಪೆಟ್ಟಿಗೆ ಅಡ್ಡವಾಗಿತ್ತು. ಮನೋವಾರಾಳ ಎದೆ ಹಗುರಾಗಿತ್ತು. "ಇವತ್ತು ರಾತ್ರಿ ಹಿಲ್ಸಾ ಮೀನು ತರ್ತೀರಾ?" ಎಂದು ಗಂಡನನ್ನು ಕೇಳಿದಳು. "ಚಿಕ್ಕದಾದ್ರೂ ಸರಿ." ಅವನು ಹೂಂ ಎಂದ. ಶಿರೀನ್ ದಾರಿಯಲ್ಲೇ ಪೆಟ್ಟಿಗೆಯ ಮುಚ್ಚಳ ಸ್ವಲ್ಪ ಎತ್ತಿ, ಬಟ್ಟೆಗಳ ಕೆಳಗೆ ಕೈ ಹಾಕಿ, ಫೋನು ತೆಗೆದು ಎದೆಗೆ ಒತ್ತಿಕೊಂಡಳು. ಮನೆಗೆ ಬಂದು, ಹೊಸಿಲು ದಾಟಿದ ಕೂಡಲೇ, "ಜಿನು, ಬಾ, ಬಂತು ನೋಡು!" ಎಂದು ಕೂಗಿದಳು. ಆ ಮನೆಯಲ್ಲಿ ಅವಳು ಮೂರು ತಿಂಗಳಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

"ತಾಳು, ಚಾರ್ಜರ್ ತರ್ತೀನಿ," ಎಂದು ಜಿನಿಯಾ ಒಳಗೆ ಓಡಿದಳು.

ಶಿರೀನ್ ಸುಮ್ಮನೆ ಪಕ್ಕದ ಗುಂಡಿ ಒತ್ತಿದಳು. ಪರದೆ ಬೆಳಗಿತು.

ಮನೋವಾರಾಗೆ ಫೋನಿನ ವಿಷಯ ಹೆಚ್ಚೇನೂ ತಿಳಿಯದು. ಆದರೆ ದಿನಾ ಸಂಜೆ ತನ್ನ ಫೋನನ್ನು ಚಾರ್ಜಿಗೆ ಹಾಕುವವಳಿಗೆ ಮೇಲಿನ ಮೂಲೆಯ ಆ ಚಿಕ್ಕ ಹಸಿರು ಗುರುತು ಗೊತ್ತಿತ್ತು. ಅದು ಮುಕ್ಕಾಲಿಗಿಂತ ಹೆಚ್ಚು ತುಂಬಿತ್ತು. ಮೂರು ತಿಂಗಳ ಮೇಲೆ ಬೀರುವಿನಲ್ಲಿ ಸತ್ತು ಬಿದ್ದಿದ್ದ ಫೋನು.

ಜಿನಿಯಾ ಚಾರ್ಜರ್ ಹಿಡಿದು ಬಂದು, ನೋಡಿ, ಅದನ್ನು ಮೇಜಿನ ಮೇಲಿಟ್ಟಳು.

ಶಿರೀನ್ ಆರು ಅಂಕಿ ಒತ್ತಿದಳು. ಬೀಗ ಅವಳದೇ, ಅಂಕಿ ಅವಳದೇ, ಅದು ತೆರೆಯಿತು. ತೂಬಾಳ ಹುಟ್ಟುಹಬ್ಬದ ಫೋಟೋಗಳಿದ್ದವು, ಛತ್ರಿ ಹಿಡಿದ ಫೋಟೋ ಇತ್ತು. ದನಿಮುದ್ರಣಗಳ ಜಾಗದಲ್ಲಿ ಏನೂ ಇರಲಿಲ್ಲ. ಅವಳು ಹಿಂದಕ್ಕೆ ಹೋಗಿ ಮತ್ತೆ ತೆರೆದಳು, ಮತ್ತೆ ಹಿಂದಕ್ಕೆ ಹೋಗಿ ಮತ್ತೆ ತೆರೆದಳು.

"ನಾನು ಹೇಳ್ಲಿಲ್ಲ," ಎಂದಳು. "ಅಮ್ಮಾ, ದೇವರಾಣೆ ನಾನು ಹೇಳ್ಲಿಲ್ಲ."

"ಗೊತ್ತು ಕಣೇ, ಗೊತ್ತು."

"ಒಂಬತ್ತನೇ ಉಪವಾಸದಿಂದ ಅವನು ಫೋನ್ ಮಾಡೋದು ನಿಲ್ಲಿಸಿದ," ಎಂದಳು ಜಿನಿಯಾ. ಅವಳ ದನಿಯಲ್ಲಿ ಕೋಪ ಕೂಡ ಇರಲಿಲ್ಲ. "ಬೆಲ್ಲ ಜಾಸ್ತಿ ಹಾಕಿ ಪಾಯಸ ಮಾಡಿದ್ದೆ ನೀನು ಆಗ."

ಮೊಫಜ್ಜಲ್ ಮಿಯಾ ಮೀನು ತರಲು ಹೋದವನು ಅಷ್ಟರಲ್ಲಿ ಚೀಲ ಹಿಡಿದು ಬಂದ. ಎಲ್ಲರ ಮುಖ ನೋಡಿ, ಚೀಲವನ್ನು ಫ್ರಿಜ್ಜಿನಲ್ಲಿಟ್ಟು, ಅಂಗಡಿಗೆ ಹೋದ. ಆ ಮೀನನ್ನು ಯಾರೂ ಬೇಯಿಸಲಿಲ್ಲ. ಸಂಜೆ ಜಿನಿಯಾ ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತು ಆ ಗುಂಡಿ ಒತ್ತಿದಳು. ಯಾರನ್ನೂ ಕೇಳಲಿಲ್ಲ, ಯಾರೂ ಬೇಡ ಎನ್ನಲಿಲ್ಲ.

ಮರುದಿನ ಬೆಳಗ್ಗೆ ಅಂಗಡಿಯ ಮುಂದೆ ಏಳೆಂಟು ಹುಡುಗಿಯರು ಫೋನು ಹಿಡಿದು ನಿಂತಿದ್ದರು. ಮನೋವಾರಾ ಅವರನ್ನು ಬಳಸಿಕೊಂಡು ಹಿಂದಿನ ಸಾಲುಮನೆಗಳಿಗೆ ಹೋದಳು. ಇದೊಂದನ್ನಾದರೂ ತಾನೇ ಬಾಯಿಬಿಟ್ಟು ಹೇಳಬೇಕು ಎನಿಸಿತ್ತು ಅವಳಿಗೆ. ಆಲಾಲ್ ಬಾವಿಯ ಕಟ್ಟೆಯ ಹತ್ತಿರ ರಿಕ್ಷಾ ತೊಳೆಯುತ್ತಿದ್ದ.

"ಆಲಾಲ್, ಆ ಫೋನು ನಂಬರ್ ಹೇಳದೆಯೂ ತೆಗೀಬಹುದಪ್ಪಾ. ಆ ಮಾದರೀನೇ ಹಾಗಂತೆ. ಪಾರುಲ್ ಯಾರಿಗೂ ಹೇಳಿಲ್ಲ. ಗೇಟಿನ ಹತ್ರದವನು ತಾನೇ ತೆಗೆದಿದ್ದು. ಜಿನಿಯಾ ಎಲ್ಲಾರಿಗೂ ಕಾಣೋ ಹಾಗೆ ಬರೆದು ಹಾಕಿದಾಳೆ. ಅವಳನ್ನ ಕರೆಸಿಕೋ."

ಆಲಾಲ್ ಚಿಂದಿಯನ್ನು ಬಕೆಟ್ಟಿಗೆ ಹಾಕಿದ. "ಅವಳು ಬಂದು ಕೇಳಿದಾಗ ಗೊತ್ತಿಲ್ಲ ಅಂದಿದ್ರಂತೆ ನೀವು."

"ಹೌದು."

"ನಾನೂ ಕೇಳಿದ್ದೆ. ಬೀದೀಲಿ."

"ಹೌದಪ್ಪಾ."

ಅವನು ಇನ್ನೇನಾದರೂ ಅಂದಿದ್ದರೆ ಮನೋವಾರಾ ತಲೆಬಾಗಿಸಿ ಕೇಳಿಸಿಕೊಳ್ಳುತ್ತಿದ್ದಳು. ಆದರೆ ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡು, ರಿಕ್ಷಾದ ಸೀಟು ಎತ್ತಿ, ಅದರ ಕೆಳಗಿನ ಗೂಡಿನಿಂದ ಪಾಲಿಥಿನ್‌ನಲ್ಲಿ ಸುತ್ತಿದ ಒಂದು ಫೋನು ತೆಗೆದ. ಬೆನ್ನಿಗೆ ಹೊಳೆಯುವ ಗುಲಾಬಿ ಹೂವಿನ ಚೀಟಿ ಅಂಟಿಸಿತ್ತು. ಅದು ಪಾರುಲ್‌ಳದು.

"ಬಸ್ ಹತ್ತೋವಾಗ ಕಿತ್ಕೊಂಡೆ," ಎಂದ. "ನಂಬರ್ ಹೇಳು, ಬಿಡ್ತೀನಿ ಅಂದೆ. ಬಸ್ಸು ಹೊರಡೋವರೆಗೂ ಕೇಳಿದೆ. ಹೇಳ್ಲಿಲ್ಲ ಅವಳು. ಒಳಗೆ ಇನ್ನೂ ಏನೇನಿದೆಯೋ." ಅವನು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ದನಿಯಲ್ಲಿ ಹೊಸ ಉತ್ಸಾಹವಿತ್ತು. "ನಿಜವಾಗ್ಲೂ ನಂಬರ್ ಬೇಡ್ವಾ ಖಾಲಾ? ಹಾಗಾದ್ರೆ ಇದನ್ನ ತೆಗೆಸಿಕೊಡಿ."

ಮನೋವಾರಾ ಆ ಗುಲಾಬಿ ಹೂವನ್ನು ನೋಡಿದಳು.

"ನನಗೇನು ಗೊತ್ತಪ್ಪಾ," ಎಂದಳು. "ಅಡುಗೆಮನೆ ಹೆಂಗಸು ನಾನು."

"ಪರವಾಗಿಲ್ಲ ಬಿಡಿ," ಎಂದ ಆಲಾಲ್. ಫೋನನ್ನು ಅಂಗಿಯ ಜೇಬಿಗೆ ಹಾಕಿ, ಬಕೆಟ್ಟಿನ ನೀರನ್ನು ಚರಂಡಿಗೆ ಚೆಲ್ಲಿ, ಸೀಟಿನ ಮೇಲೆ ಹತ್ತಿ ಕೂತ. "ಗೇಟಿನ ಹತ್ರದವನಿಗೆ ಗೊತ್ತು ಅಂದ್ರಲ್ಲ."

ರಿಕ್ಷಾ ಸದ್ದಿಲ್ಲದೆ ಹೊರಟಿತು. "ಆಲಾಲ್, ನಿಲ್ಲಪ್ಪಾ" ಎನ್ನುತ್ತ ಮನೋವಾರಾ ಅದರ ಹಿಂದೆ ಗಲ್ಲಿಯ ತಿರುವಿನವರೆಗೂ ನಡೆದಳು; ಅಲ್ಲಿಂದಾಚೆ ಅವಳ ಚಪ್ಪಲಿ ಕೆಸರಿನಲ್ಲಿ ಹೂತುಕೊಂಡಿತು.